ಅಸಲು ಮತ್ತು ನಕಲು: ಕಾಶಿಯ ದಾಖಲೆಗಳಿಂದ ಒಂದು ವಿಚಾರ

ಕಾಶಿಯ ಜಂಗಮವಾಡಿ ಮಠವನ್ನು ಅರಿಯದ ಕನ್ನಡ ಯಾತ್ರಿಕರು ವಿರಳ. ವೀರಶೈವ ಪಂಚಪೀಠಗಳಲ್ಲೊಂದಾದ ಜ್ಞಾನಸಿಂಹಾಸನವು ಇಲ್ಲಿರುವುದು ಸರ್ವವಿದಿತ. ಆದರೆ ಅಕ್ಬರ, ಜಹಾಂಗೀರ, ಷಹಜಹಾನ, ಔರಂಗಜೇಬ ಇವರ ಕಾಲದ ಪಾರಸಿ ಫರ್ಮಾನುಗಳು ಅಲ್ಲಿ ಉಳಿದುಬಂದಿವೆಯೆಂಬುದು ನಮ್ಮವರಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಇವು ಮುಖ್ಯವಾಗಿ ಭೂದಾನಕ್ಕೆ ಸಂಬಂಧಿಸಿದವು. ಹಿಜರಿ 1083ರ, ಅರ್ಥಾತ್ ಕ್ರಿ.ಶ. 1672ರ ಆಜ್ಞೆಯೊಂದು ಬೇರೆ ಬಗೆಯದು. ನಗರದ ನಿವಾಸಿಯೊಬ್ಬನು ತಮ್ಮ ಮನೆಗಳನ್ನು ಆಕ್ರಮಿಸಿಕೊಂಡಿರುವನೆಂದು ಜಂಗಮರು ಔರಂಗಜೇಬನ ಆಸ್ಥಾನಕ್ಕೆ ದೂರಿತ್ತರು. ದೂರು ನಿಜವೆಂದು ಕಂಡುಬಂದಲ್ಲಿ ಆತನಿಗೆ ಆ ಸ್ವತ್ತಿನೊಳಗೆ ಪ್ರವೇಶ ಕೊಡಕೂಡದು, ಜಂಗಮರು ಇದೇ ಕಾರಣಕ್ಕೆ ಮತ್ತೆ ನ್ಯಾಯ ಬೇಡಿ ಬರುವಂತಾಗಬಾರದು ಎಂಬುದು ಆಜ್ಞೆಯ ತಾತ್ಪರ್ಯ.

ಈ ಆಜ್ಞೆಯು ನಮಗೆ ದೊರೆತ ಬಗೆಯೇ ವಿಚಾರಾರ್ಹ. ಮೊಗಲರ ರಾಜಧಾನಿಯ ದಫ್ತರಗಳು ಬಹುಪಾಲು ನಾಶವಾದವು. ಇಂದು ಉಳಿದಿರುವ ಫರ್ಮಾನುಗಳಲ್ಲಿ ಹೆಚ್ಚಿನವು ಮಠ, ಮಂದಿರ, ಮನೆತನಗಳು ಕಾಪಾಡಿಕೊಂಡವು. ಎಂದರೆ, ಆಜ್ಞೆಯನ್ನು ಕೊಟ್ಟ ಅಧಿಕಾರದ ಬಳಿ ಉಳಿಯದುದು ಅದನ್ನು ಪಡೆದ ದೂರುದಾರನ ಬಳಿ ಉಳಿಯಿತು. ಫರ್ಮಾನಿನ ನಕಲಿಗೆ ಕಾಜಿಯ ಮೊಹರು ಬೀಳುತ್ತಿತ್ತು. ಅಸಲಿನೊಡನೆ ತಾಳೆ ನೋಡಲಾಗಿದೆಯೆಂದು ಅದರ ಅರ್ಥ. ಅರಬಿಯ ಈ ‘ನಕಲು’ ಕನ್ನಡಕ್ಕೆ ಬಂದು ಪ್ರತಿಯೆಂಬ ಅರ್ಥದಲ್ಲಿ ನಿಂತರೆ, ಅದರ ಸೋದರ ‘ನಕಲಿ’ ಖೋಟಾ ಎಂಬ ಅರ್ಥವನ್ನು ತಾಳಿತು. ಎರಡಕ್ಕೂ ನಡುವೆ ಇರುವುದು ಮೊಹರೊಂದೇ. (‘ಅಸಲು’ ನಮ್ಮ ಬ್ಯಾಂಕುಗಳಲ್ಲಿ ಸಾಲದ ಮೂಲಧನವಾಗಿದೆ, ಅಲ್ಲಿಯೂ ಅದರ ಬೆನ್ನಿಗೆ ಬಡ್ಡಿ ಬೆಳೆಯುವಂತೆ ನ್ಯಾಯಾಲಯದಲ್ಲಿ ಅದರ ಬೆನ್ನಿಗೆ ನಕಲುಗಳು ಬೆಳೆಯುತ್ತವೆ.)

1872ರ ಸಾಕ್ಷ್ಯ ಅಧಿನಿಯಮವು ಈ ಪದ್ಧತಿಯನ್ನೇ ಹೊಸ ಮಾತಿನಲ್ಲಿ ವಿಧಿಸಿತು. ಸಾರ್ವಜನಿಕ ದಸ್ತಾವೇಜನ್ನು ಪರಿಶೀಲಿಸುವ ಹಕ್ಕುಳ್ಳವನಿಗೆ ಶುಲ್ಕ ಪಡೆದು, ದಿನಾಂಕ, ರುಜು, ಮೊಹರುಗಳೊಡನೆ ದೃಢೀಕೃತ ಪ್ರತಿಯನ್ನು ಕೊಡತಕ್ಕದ್ದೆಂದು 76ನೆಯ ಕಲಂ ಹೇಳಿತು. ಇಲ್ಲಿ ‘ಹಕ್ಕುಳ್ಳವನಿಗೆ’ ಎಂಬ ಪದವೇ ಎಲ್ಲ ತೊಡಕಿನ ಮೂಲ. ಪೊಲೀಸರ ಕಾಗದಪತ್ರಗಳಲ್ಲಿ ಸಾರ್ವಜನಿಕವಾದುದು ಯಾವುದು? ಪ್ರಥಮ ವರ್ತಮಾನ ವರದಿಗಳನ್ನು, ಸೂಕ್ಷ್ಮ ಪ್ರಕರಣಗಳ ಹೊರತು, 24 ಗಂಟೆಗಳೊಳಗೆ ಅಂತರ್ಜಾಲದಲ್ಲಿ ಪ್ರಕಟಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರ್ 7ರಂದು ಆಜ್ಞಾಪಿಸಿತು. ಅದೇ ನ್ಯಾಯಾಲಯವು 2023ರ ಜನವರಿ 20ರಂದು, ಆರೋಪಪಟ್ಟಿಯು ಸಾರ್ವಜನಿಕ ದಸ್ತಾವೇಜಲ್ಲವೆಂದು ತೀರ್ಮಾನಿಸಿತು. ತನಿಖೆಯ ಮೊದಲ ಹಾಳೆ ಲೋಕಕ್ಕೆಲ್ಲ ತೆರೆದಿದೆ. ಅದರ ಫಲ ಪಕ್ಷಗಾರರಿಗೆ ಮಾತ್ರ. ಆರೋಪಿಯ ಮಾನವನ್ನೂ ಬಾಧಿತರ ಗೌಪ್ಯವನ್ನೂ ನೆನೆದರೆ ಈ ತೀರ್ಮಾನವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಚಲಿಸುವ ಚಿತ್ರವು ಸಾಕ್ಷಿಯಾಗಿ ಬಂದ ಮೇಲೆ ತೊಡಕು ಇಮ್ಮಡಿಯಾಯಿತು. ಪೊಲೀಸ್ ಠಾಣೆಗಳಲ್ಲೆಲ್ಲ ಸಿಸಿಟಿವಿ ಕ್ಯಾಮರಾಗಳನ್ನಿರಿಸಿ ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕೆಂದು 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ಪ್ರಕರಣದ ತೀರ್ಪು ವಿಧಿಸಿತು. ಮಾನವ ಹಕ್ಕಿಗೆ ಚ್ಯುತಿ ಬಂದವನಿಗೆ ಆ ದೃಶ್ಯವನ್ನು ಕಾದಿರಿಸಿಕೊಳ್ಳುವ ಹಕ್ಕಿದೆಯೆಂದು ಠಾಣೆಯಲ್ಲಿ ಫಲಕ ಹಾಕಬೇಕೆಂದೂ ಅದು ಹೇಳಿತು. ಕಾದಿರಿಸುವುದು ಬೇರೆ, ಕೈಗೆ ಪ್ರತಿ ಬರುವುದು ಬೇರೆ. ಕಾಗದವನ್ನು ಗೆದ್ದಲು ತಿನ್ನಲು ವರ್ಷಗಳು ಬೇಕು. ಯಂತ್ರವಾದರೋ ಅವಧಿ ತೀರಿದೊಡನೆ ಹಳೆಯ ದೃಶ್ಯದ ಮೇಲೆ ಹೊಸದನ್ನು ತಾನಾಗಿಯೇ ಬರೆದುಬಿಡುತ್ತದೆ. ಜಂಗಮರ ದೂರಿನ ಆಜ್ಞೆಯೂ ಆಸ್ಥಾನದ ದಫ್ತರದಲ್ಲಿ ಮಾತ್ರ ಇದ್ದಿದ್ದರೆ ನಾವಿಂದು ಅದರ ವಿಷಯವನ್ನೇ ಅರಿಯುತ್ತಿರಲಿಲ್ಲ.

ಪ್ರತಿ ಕೈಗೆ ಬಂದರೆ ಸಾಲದು, ಮೊಹರಿನ ಮರ್ಯಾದೆಯೂ ಉಳಿಯಬೇಕು. ಇದಕ್ಕೆ ನಿದರ್ಶನವು ಅದೇ ಕಾಶಿಯಲ್ಲಿದೆ. ಜ್ಞಾನವಾಪಿ ವ್ಯಾಜ್ಯದ ಗುಣದೋಷ ಇಲ್ಲಿನ ವಿಷಯವಲ್ಲ. ದಾಖಲೆಯ ಸಂಚಾರವನ್ನಷ್ಟೇ ನೋಡೋಣ. 2022ರ ಮೇ ತಿಂಗಳಲ್ಲಿ ಸಿವಿಲ್ ನ್ಯಾಯಾಲಯದ ಕಮಿಷನರರ ಸಮ್ಮುಖದಲ್ಲಿ ಸ್ಥಳದ ವಿಡಿಯೋ ಚಿತ್ರಣ ನಡೆಯಿತು. ಮೇ 30ರಂದು ಜಿಲ್ಲಾ ನ್ಯಾಯಾಲಯದಿಂದ ವಾದಿಗಳಿಗೆ, ಬಹಿರಂಗಪಡಿಸೆವೆಂಬ ಮುಚ್ಚಳಿಕೆಯನ್ನು ಪಡೆದು, ಮೊಹರಾದ ಲಕೋಟೆಗಳಲ್ಲಿ ಪ್ರತಿಗಳನ್ನು ಕೊಡಲಾಯಿತು. ಅಂದು ಸಂಜೆಯೇ ದೂರದರ್ಶನ ವಾಹಿನಿಗಳಲ್ಲಿ ದೃಶ್ಯಗಳು ಪ್ರಸಾರವಾದವು. ವಾದಿಗಳು ತಮ್ಮ ಲಕೋಟೆಗಳನ್ನು ಒಡೆದಿಲ್ಲವೆಂದು ಹಿಂದಿರುಗಿಸಲು ಮುಂದಾದರು. ನೋಡಿದವರು ಅಸಂಖ್ಯ; ಆದರೆ ತಾವು ನೋಡಿದುದು ಅಖಂಡ ಚಿತ್ರಣವೋ ಕತ್ತರಿಸಿದ ತುಣುಕೋ ಎಂದು ತಾಳೆ ನೋಡುವ ಸಾಧನ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಇದು ದಾಖಲೆಯ ಪ್ರಕಟಣೆಯಲ್ಲ, ಅದರ ಸೋರಿಕೆ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಗಳು ಒಂದೆರಡು ಹೆಜ್ಜೆ ಮುಂದಿಟ್ಟಿವೆ. ಶೋಧ ಮತ್ತು ಜಪ್ತಿಯ ದೃಶ್ಯಮುದ್ರಣ ಈಗ ಕಡ್ಡಾಯ. ಅದನ್ನು ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ‘ಹ್ಯಾಷ್’ ಮೌಲ್ಯವನ್ನು ನಮೂದಿಸಬೇಕು. ಕಡತದಲ್ಲಿ ಒಂದು ಬಿಂದು ಬದಲಾದರೂ ಬೇರೆಯಾಗಿ ಕಾಣುವ ಈ ಸಂಖ್ಯೆಯನ್ನು ನಮ್ಮ ಕಾಲದ ಕಾಜಿಯ ಮೊಹರೆನ್ನಬಹುದು. 1891ರಿಂದಲೂ ಬ್ಯಾಂಕುಗಳ ಲೆಕ್ಕದ ಪುಸ್ತಕಗಳಿಗೆ ದೃಢೀಕೃತ ನಕಲೇ ಸಾಕ್ಷ್ಯವಾಗಿ ನಡೆದುಬಂದಿರುವುದನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ತೋರದು. ಹೊಸತಿರುವುದು ನಾಗರಿಕ ಸುರಕ್ಷಾ ಸಂಹಿತೆಯ 230ನೆಯ ಕಲಮಿನಲ್ಲಿ: ಪೊಲೀಸ್ ವರದಿ ಮೊದಲಾದವುಗಳ ಪ್ರತಿಯು ಆರೋಪಿಗಷ್ಟೇ ಅಲ್ಲದೆ, ವಕೀಲರನ್ನು ಹೊಂದಿದ ಬಾಧಿತನಿಗೂ 14 ದಿನಗಳೊಳಗೆ ಸಲ್ಲಬೇಕು. ವಕೀಲರಿಲ್ಲದ ಬಾಧಿತನ ವಿಷಯದಲ್ಲಿ ಆ ಕಲಂ ಮೌನವಾಗಿದೆ. 1672ರ ಜಂಗಮರಿಗಾದರೋ ಆಜ್ಞೆಯ ಕಾಗದವು ನೇರವಾಗಿ ಕೈಗೆ ಬಂದಿತ್ತು.