ಪಟ್ಟಿಗೆ ಸೇರಿದವರು ಸೇತುವೆ ಕೆಳಗೆ ಸೇರಿದ ಕತೆ

ಮಕ್ಕಳ ಮೇಲೆ ದೌರ್ಜನ್ಯವಾದ ಸುದ್ದಿ ಬಂದಾಗಲೆಲ್ಲ ಊರ ಕಟ್ಟೆಯ ಮೇಲೆ ಎರಡು ಮಾತು ಕೇಳುತ್ತವೆ. 'ಅಂಥವರ ಫೋಟೋ ಎಲ್ಲರಿಗೂ ಗೊತ್ತಾಗಬೇಕು.' 'ಅವರನ್ನು ಊರೊಳಗೆ ಇರಗೊಡಬಾರದು.' ಸಿಟ್ಟು ನ್ಯಾಯವಾದದ್ದೇ. ಆದರೆ ಅಮೆರಿಕ ಇವೆರಡನ್ನೂ ಮಾಡಿ ನೋಡಿದೆ. ಅಲ್ಲಿ ಏನಾಯಿತು ಎಂದು ನಾವೂ ತಿಳಿದಿರಬೇಕು.

1947ರಲ್ಲೇ ಕ್ಯಾಲಿಫೋರ್ನಿಯಾ ರಾಜ್ಯ ಲೈಂಗಿಕ ಅಪರಾಧಿಗಳು ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು ಎಂದು ಕಾನೂನು ಮಾಡಿತ್ತು. ದೇಶಕ್ಕೆಲ್ಲ ಅದು ಬಂದದ್ದು ಮಾತ್ರ ತಡವಾಗಿ. 1989ರಲ್ಲಿ ಮಿನ್ನೆಸೋಟದ ಸಣ್ಣ ಊರಲ್ಲಿ 11 ವರ್ಷದ ಜೇಕಬ್ ವೆಟರ್ಲಿಂಗ್ ಸೈಕಲ್‌ನಲ್ಲಿ ಮನೆಗೆ ಮರಳುವಾಗ ಮುಸುಕುಧಾರಿಯೊಬ್ಬ ಬಂದೂಕು ತೋರಿಸಿ ಹೊತ್ತೊಯ್ದ. ಅವನ ಹೆಸರಲ್ಲೇ 1994ರಲ್ಲಿ ಕಾನೂನು ಬಂತು. ಎಲ್ಲ ರಾಜ್ಯಗಳೂ ಪಟ್ಟಿ ಇಡಬೇಕಾಯಿತು.

ಅದೇ ವರ್ಷ ನ್ಯೂಜೆರ್ಸಿಯಲ್ಲಿ 7 ವರ್ಷದ ಮೇಗನ್ ಕೊಲೆಯಾದಳು. ಕೊಂದವನು ಎದುರು ಮನೆಯವನು, ಹಿಂದೆಯೂ ಶಿಕ್ಷೆಯಾದವನು. ಹೆತ್ತವರಿಗೆ ಅದು ಗೊತ್ತೇ ಇರಲಿಲ್ಲ. 1996ರ 'ಮೇಗನ್ ಕಾನೂನು' ಅಪರಾಧಿಗಳ ಮಾಹಿತಿಯನ್ನು ಜನರಿಗೆ ತೆರೆದಿಟ್ಟಿತು.

ಮುಂದೆ ವಾಸದ ನಿರ್ಬಂಧ ಬಂತು. 2002ರಲ್ಲಿ ಅಯೋವಾ ರಾಜ್ಯ, ಮಕ್ಕಳ ಮೇಲೆ ಅಪರಾಧ ಎಸಗಿದವರು ಶಾಲೆಯಿಂದ 2,000 ಅಡಿ ಒಳಗೆ ವಾಸಿಸಬಾರದು ಎಂದಿತು. ಅಂದರೆ ಸುಮಾರು 600 ಮೀಟರ್. ಶಾಲೆಗಳ ಸುತ್ತ ಹೀಗೆ ಗೆರೆ ಎಳೆದರೆ ಪೇಟೆಯಲ್ಲಿ ಜಾಗವೇ ಉಳಿಯಲಿಲ್ಲ. ಕೆಲವರು ವಿಳಾಸ ಕೊಡುವುದನ್ನೇ ಬಿಟ್ಟರು. ಪಟ್ಟಿ ಇದ್ದೂ ಪೊಲೀಸರಿಗೆ ಆಳು ಸಿಗಲಿಲ್ಲ. 2006ರಲ್ಲಿ ಅಲ್ಲಿನ ಸರ್ಕಾರಿ ವಕೀಲರ ಸಂಘವೇ ಈ ನಿಯಮ ಬೇಡ ಎಂದಿತು. 2009ರಲ್ಲಿ ಅದನ್ನು ಸಡಿಲಿಸಲಾಯಿತು.

ಮಯಾಮಿಯಲ್ಲಂತೂ ಮನೆ ಸಿಗದ ಹತ್ತಾರು ಮಂದಿ 2010ರವರೆಗೂ ಜೂಲಿಯಾ ಟಟಲ್ ಸೇತುವೆಯ ಕೆಳಗೆ ಗುಡಾರ ಹಾಕಿಕೊಂಡಿದ್ದರು.

ಮಿನ್ನೆಸೋಟದ ಜೈಲು ಇಲಾಖೆ 2007ರಲ್ಲಿ ಲೆಕ್ಕ ತೆಗೆಯಿತು. ಬಿಡುಗಡೆಯಾದ ಮೇಲೆ ಮತ್ತೆ ಲೈಂಗಿಕ ಅಪರಾಧ ಮಾಡಿ ಜೈಲು ಸೇರಿದ 224 ಮಂದಿಯ ಕೇಸು ನೋಡಿದರೆ, ವಾಸದ ನಿರ್ಬಂಧದಿಂದ ಒಂದನ್ನೂ ತಡೆಯಲು ಆಗುತ್ತಿರಲಿಲ್ಲ. ಹೆಚ್ಚಿನ ಕೇಸುಗಳಲ್ಲಿ ಅಪರಾಧಿ ಗುರುತಿನವನೇ.

ಭಾರತದಲ್ಲೂ 2018ರ ಸೆಪ್ಟೆಂಬರ್‌ನಿಂದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ ಇದೆ. ಅದನ್ನು ನೋಡಬಲ್ಲವರು ಪೊಲೀಸರು, ತನಿಖಾ ಸಂಸ್ಥೆಗಳು ಮಾತ್ರ. ವಾಟ್ಸಾಪ್‌ನಲ್ಲಿ 'ಸರ್ಕಾರದ ಪಟ್ಟಿ' ಎಂದು ಫೋಟೋ ಬಂದರೆ ನಂಬಬೇಡಿ, ಮುಂದಕ್ಕೆ ಕಳಿಸಬೇಡಿ.

ಪಟ್ಟಿಯಲ್ಲಿ ಇರುವುದು ಸಿಕ್ಕಿಬಿದ್ದು ಶಿಕ್ಷೆಯಾದವರ ಹೆಸರು. ಮಾವ, ಪಕ್ಕದ ಮನೆಯವ, ಪಾಠ ಹೇಳುವವ ಎಂದು ಮಗು ಬಾಯಿಬಿಡದ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮಗು ಹೇಳಿದರೆ 'ಮರ್ಯಾದೆ ಹೋಗುತ್ತೆ' ಎಂದು ಮುಚ್ಚಬೇಡಿ. ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ಸಹಾಯಕ್ಕೆ 1098ಕ್ಕೆ ಕರೆ ಮಾಡಿ.