ಹಾಜರಿ ಪುಸ್ತಕದ ಹನ್ನೊಂದು ಮಂದಿ

2010ರ ಮಾರ್ಚ್‌ನಲ್ಲಿ ಮಹೀಂದ್ರ ಯುನೈಟೆಡ್ ಫುಟ್ಬಾಲ್ ತಂಡವನ್ನು ಮುಚ್ಚುವುದಾಗಿ ಅದರ ಮಾಲೀಕ ಕಂಪನಿ ಪ್ರಕಟಿಸಿತು. ಅದು ಸೋತು ಸುಣ್ಣವಾದ ತಂಡವೇನೂ ಆಗಿರಲಿಲ್ಲ. ನಾಲ್ಕು ವರ್ಷ ಹಿಂದೆ, 2005-06ರಲ್ಲಿ, ನ್ಯಾಷನಲ್ ಫುಟ್ಬಾಲ್ ಲೀಗ್ ಗೆದ್ದಿತ್ತು. ಫೆಡರೇಷನ್ ಕಪ್ಪನ್ನು ಎರಡು ಸಲ, ಡ್ಯುರಾಂಡ್ ಕಪ್ಪನ್ನು ಮೂರು ಸಲ ಮನೆಗೆ ತಂದಿತ್ತು. ಕಂಪನಿಯೂ ದಿವಾಳಿಯಾಗಿರಲಿಲ್ಲ. ಇನ್ನು ಮುಂದೆ ಶಾಲಾ ಮಕ್ಕಳ ಫುಟ್ಬಾಲ್ ಕಡೆ ಗಮನ ಕೊಡುತ್ತೇವೆ ಎಂದು ಅದು ಹೇಳಿತು, ಅಷ್ಟೆ. ಆ ಸೀಸನ್ ಮುಗಿಯುತ್ತಲೇ 1962ರಿಂದ ಆಡುತ್ತ ಬಂದಿದ್ದ ತಂಡ ಇಲ್ಲವಾಯಿತು. ನಮ್ಮದೆಂದು ಹಕ್ಕಿನಿಂದ ಹೇಳಲು ಅದಕ್ಕೊಂದು ಊರಿರಲಿಲ್ಲ, ಬಡಾವಣೆಯೂ ಇರಲಿಲ್ಲ.

ಮುಂಬಯಿಯ ಮಟ್ಟಿಗೆ ಇದು ಮೊದಲ ಸಾವಲ್ಲ, ಕೊನೆಯದೂ ಅಲ್ಲ. ಕಾಲ್‌ಟೆಕ್ಸ್, ಟಾಟಾ ಸ್ಪೋರ್ಟ್ಸ್ ಕ್ಲಬ್, ಮಫತ್‌ಲಾಲ್, ಆರ್ಕೇ ಮಿಲ್ಸ್, ಬ್ಯಾಂಕ್ ಆಫ್ ಇಂಡಿಯಾ, ಏರ್ ಇಂಡಿಯಾ, ರೈಲ್ವೆಯ ತಂಡಗಳು, ಬೆಸ್ಟ್, ಚೆಂಬೂರಿನ ಆರ್‌ಸಿಎಫ್. ನಗರದ ಹಳೆಯ ಲೀಗ್ ಪಟ್ಟಿ ಓದಿದರೆ ಶೇರು ಮಾರುಕಟ್ಟೆಯ ಪುಟ ಓದಿದಂತಿರುತ್ತದೆ. ದಾದರ್ ಇಲ್ಲ, ಬಾಂದ್ರಾ ಇಲ್ಲ, ಪರೇಲ್ ಇಲ್ಲ. ತಂಡಗಳ ಹೆಸರಿನಲ್ಲಿ ಸಂಬಳ ಕೊಡುವವರಿದ್ದಾರೆ, ಆಡುವವರು ಬೆಳೆದ ಜಾಗಗಳಿಲ್ಲ. ಈ ಫುಟ್ಬಾಲ್ ಹೇಗೆ ಬೆಳೆಯಿತು, ಹೇಗೆ ಕರಗಿತು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಈ ಹೆಸರುಗಳಲ್ಲೇ ಇದೆ.

ಮುಂಬಯಿಗೆ ಫುಟ್ಬಾಲ್ ತಂದದ್ದು ಬ್ರಿಟಿಷ್ ದಂಡು. ಇಲ್ಲಿನ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ದೇಶದಲ್ಲಿ ಅದಕ್ಕಿಂತ ಹಳೆಯದಾದ ದೊಡ್ಡ ಪಂದ್ಯಾವಳಿ ಎಂದರೆ 1888ರ ಡ್ಯುರಾಂಡ್. ಮೊದಲ ನಾಲ್ಕು ದಶಕಗಳಲ್ಲಿ ಕಪ್ಪು ಒಂದು ರೆಜಿಮೆಂಟಿನ ಕೈಯಿಂದ ಇನ್ನೊಂದರ ಕೈಗೆ ಹೋಗುತ್ತಿತ್ತು. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಬಂದು ಸೋತಿತು. ಆ ಸರಪಳಿಯನ್ನು ಮುರಿದದ್ದು ಕನ್ನಡನಾಡಿನಿಂದ ಹೋದ ತಂಡ: 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಮತ್ತೆ ಗೆದ್ದು, ಮೊದಲನೆಯದು ಅದೃಷ್ಟದ ಗೆಲುವಲ್ಲ ಎಂದು ತೋರಿಸಿತು.

ಸ್ವಾತಂತ್ರ್ಯದ ನಂತರ ಬ್ರಿಟಿಷ್ ಪಲ್ಟಣಗಳು ಹೊರಟುಹೋದವು. ಮೈದಾನ ಇತ್ತು, ಲೀಗ್ ಇತ್ತು, ಕೂಪರೇಜ್ ಕ್ರೀಡಾಂಗಣಕ್ಕೆ ಬರುವ ಪ್ರೇಕ್ಷಕರಿದ್ದರು. ಖಾಲಿಯಾದ ಜಾಗವನ್ನು ತುಂಬಿದ್ದು ನಗರದ ಆಫೀಸುಗಳು ಮತ್ತು ಕಾರ್ಖಾನೆಗಳು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯ ವಿರುದ್ಧ ಮೂರು ಗೋಲು ಹೊಡೆದು ಭಾರತವನ್ನು ಸೆಮಿಫೈನಲ್‌ಗೆ ಕೊಂಡೊಯ್ದ ನೆವಿಲ್ ಡಿಸೋಜ ಮುಂಬಯಿಯ ಟಾಟಾ ತಂಡದವರು. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಏಷ್ಯಾದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಎರಡು ವರ್ಷಗಳ ನಂತರ, 1958ರಲ್ಲಿ, ಎಣ್ಣೆ ಕಂಪನಿಯಾದ ಕಾಲ್‌ಟೆಕ್ಸ್‌ನ ತಂಡ ರೋವರ್ಸ್ ಕಪ್ ಗೆದ್ದಿತು.

ಕಂಪನಿಗಳಿಗೆ ಇದರಿಂದ ಏನು ಲಾಭ? ಟೆಲಿವಿಷನ್ ಇಲ್ಲದ ಕಾಲದಲ್ಲಿ ಪತ್ರಿಕೆಯ ಕ್ರೀಡಾಪುಟದಲ್ಲಿ ಹೆಸರು ಬರುವುದು ಒಂದು. ನೌಕರರಲ್ಲಿ ಒಗ್ಗಟ್ಟು ಬರುತ್ತದೆ ಎಂಬ ನಂಬಿಕೆ ಇನ್ನೊಂದು. ಪ್ರತಿಸ್ಪರ್ಧಿ ಕಂಪನಿಗೆ ತಂಡವಿದ್ದರೆ ನಮಗೂ ಇರಲಿ ಎಂಬ ಹಟ ಮೂರನೆಯದು. ಖರ್ಚು ಅಂಥ ದೊಡ್ಡದಾಗಿರಲಿಲ್ಲ. ಸಾವಿರಾರು ನೌಕರರಿರುವ ಕಡೆ ಇಪ್ಪತ್ತು ಹುದ್ದೆಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಆಟಗಾರನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಹತ್ತೊಂಬತ್ತು-ಇಪ್ಪತ್ತರ ಹುಡುಗ ಕ್ಲರ್ಕ್ ಆಗಿಯೋ ಜವಾನನಾಗಿಯೋ ಫಿಟ್ಟರ್ ಆಗಿಯೋ ಸೇರುತ್ತಿದ್ದ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಒಂದಷ್ಟು ಹೊತ್ತು ಕೆಲಸ ಮಾಡಿ ಅಭ್ಯಾಸಕ್ಕೆ ಹೋಗುವ ಅನುಮತಿ ಅವನಿಗಿರುತ್ತಿತ್ತು. ಪಂದ್ಯಾವಳಿಗೆ ಹೋದ ದಿನಗಳು ಕೆಲಸದ ದಿನಗಳೆಂದೇ ಲೆಕ್ಕ. ಮೂವತ್ತೆರಡಕ್ಕೋ ಮೂವತ್ತನಾಲ್ಕಕ್ಕೋ ಮೊಣಕಾಲು ಕೈಕೊಟ್ಟಾಗ ಆಟ ನಿಲ್ಲುತ್ತಿತ್ತು, ಕೆಲಸ ನಿಲ್ಲುತ್ತಿರಲಿಲ್ಲ. ಮತ್ತೆ ಇಪ್ಪತ್ತೈದು ವರ್ಷ ಅದೇ ಆಫೀಸಿನಲ್ಲಿ ಫೈಲು ನೋಡಿ, ಪ್ರಾವಿಡೆಂಟ್ ಫಂಡ್ ತೆಗೆದುಕೊಂಡು ನಿವೃತ್ತನಾಗುತ್ತಿದ್ದ. ಆ ಕಾಲದ ಮುಂಬಯಿಯಲ್ಲಿ, ಮಾತೃಭಾಷೆ ಯಾವುದೇ ಇರಲಿ, ಎಲ್ಲ ಮನೆಗಳಲ್ಲೂ ಬದಲಾಗದೆ ಉಳಿದ ಒಂದು ಶಬ್ದವೆಂದರೆ ‘ಪರ್ಮನೆಂಟ್’. ಫುಟ್ಬಾಲ್ ಆ ಶಬ್ದದ ಕಡೆಗೆ ಹೋಗುವ ದಾರಿಗಳಲ್ಲೊಂದಾಗಿತ್ತು.

ಮುಂಬಯಿ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು, ಮೆಟ್ರಿಕ್ ಪಾಸಾಗಿ ಬ್ಯಾಂಕಿನ ಕೌಂಟರಿನ ಹಿಂದೆ ಹೋಗಿ ನಿಂತ ತಲೆಮಾರು ಅವರದು. ದಕ್ಷಿಣ ಕನ್ನಡದ ಹುಡುಗನಿಗೆ ರಾತ್ರಿಶಾಲೆ ಮಾಡಿದ ಕೆಲಸವನ್ನು ಗೋವಾದಿಂದ ಬಂದು ಧೋಬಿ ತಲಾವ್‌ನ ‘ಕೂಡ್’ಗಳಲ್ಲಿ, ಅಂದರೆ ತಂತಮ್ಮ ಹಳ್ಳಿಯವರು ನಡೆಸುವ ವಸತಿಗಳಲ್ಲಿ, ಪೆಟ್ಟಿಗೆ ಇಟ್ಟ ಹುಡುಗನಿಗೆ ಫುಟ್ಬಾಲ್ ಮಾಡಿತು. ಒಬ್ಬನ ಕೈಯಲ್ಲಿ ಸರ್ಟಿಫಿಕೇಟು, ಇನ್ನೊಬ್ಬನ ಕಾಲಲ್ಲಿ ಚೆಂಡು. ಇಬ್ಬರೂ ಹೋಗಿ ಸೇರುತ್ತಿದ್ದದ್ದು ಒಂದೇ ಬಗೆಯ ಮೇಜಿಗೆ.

ಕಾಲೇಜು ಫುಟ್ಬಾಲ್ ನಿಂತದ್ದೂ ಇದೇ ನೆಲದ ಮೇಲೆ. ಅಮೆರಿಕದಲ್ಲಿ ತಂಡ ಕಟ್ಟುವುದು, ಆಟಗಾರನನ್ನು ಸಾಕುವುದು, ಪ್ರೇಕ್ಷಕರನ್ನು ಕರೆಯುವುದು ಎಲ್ಲವೂ ಕಾಲೇಜಿನದೇ ಹೊಣೆ. ಆಟಕ್ಕೆ ಬದಲಾಗಿ ಅಲ್ಲಿ ಪದವಿ ಸಿಗುತ್ತದೆ. ಅಲ್ಲಿನ ಕಾಲೇಜಿನ ಪಾತ್ರವನ್ನು ಮುಂಬಯಿಯಲ್ಲಿ ಆಫೀಸು ವಹಿಸಿತ್ತು, ಆಟಕ್ಕೆ ಬದಲಾಗಿ ನೌಕರಿ ಕೊಡುತ್ತಿತ್ತು. ಇಲ್ಲಿನ ಕಾಲೇಜು ತಂಡ ನಡುವಿನ ನಿಲ್ದಾಣ ಮಾತ್ರ. ಅಂತರ ಕಾಲೇಜು ಪಂದ್ಯದ ಸಾಲುಗೆರೆಯ ಆಚೆ ಯಾವುದೋ ಬ್ಯಾಂಕಿನ ಅಥವಾ ಮಿಲ್ಲಿನ ಕ್ರೀಡಾಧಿಕಾರಿ ನಿಂತಿರಬಹುದು ಎಂಬ ಆಸೆಯೇ ಸಣ್ಣ ಕಾಲೇಜುಗಳ ತಂಡಗಳಿಗೂ ಹುರುಪು ತುಂಬುತ್ತಿತ್ತು. ಮುಂದಿನ ನಿಲ್ದಾಣಗಳನ್ನು ಕಿತ್ತುಹಾಕಿದ ಮೇಲೆ ಈ ನಿಲ್ದಾಣದಲ್ಲಿ ಹತ್ತುವವರು ಕಡಿಮೆಯಾದದ್ದು ಆಶ್ಚರ್ಯವಲ್ಲ.

ಆ ನಿಲ್ದಾಣಗಳು ಒಮ್ಮೆಗೇ ಹೋಗಲಿಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಾರಣವಿತ್ತು, ಯಾವುದೂ ಫುಟ್ಬಾಲ್‌ಗೆ ಸಂಬಂಧಿಸಿದ್ದಲ್ಲ. ಎಪ್ಪತ್ತರ ದಶಕದಲ್ಲಿ ವಿದೇಶಿ ಎಣ್ಣೆ ಕಂಪನಿಗಳು ರಾಷ್ಟ್ರೀಕರಣವಾದವು. ಕಾಲ್‌ಟೆಕ್ಸ್ 1978ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ವಿಲೀನವಾಯಿತು, ರೋವರ್ಸ್ ಗೆದ್ದ ಹೆಸರು ಅಲ್ಲಿಗೆ ಅಳಿಸಿಹೋಯಿತು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಜವಳಿ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಗಿರಣಗಾಂವ್ ಎಂದು ಕರೆಸಿಕೊಳ್ಳುತ್ತಿದ್ದ ಇಡೀ ಪ್ರದೇಶದ ಬದುಕೇ ಬದಲಾಯಿತು. ನೌಕರರನ್ನೇ ಮನೆಗೆ ಕಳಿಸುತ್ತಿರುವ ಮಿಲ್ಲು ಎಡ ವಿಂಗರ್‌ನನ್ನು ಹುಡುಕಿಕೊಂಡು ಹೋಗುವುದಿಲ್ಲ.

ಇತ್ತ ಗೋವಾದ ಗಣಿ ಕಂಪನಿಗಳು ಸ್ವಂತ ತಂಡಗಳನ್ನು ಕಟ್ಟಿಕೊಂಡವು. ಸಾಲ್ಗಾಂವ್ಕರ್, ಡೆಂಪೊ, ಸೆಸಾ ಗೋವಾ ಬೆಳೆಯುತ್ತಿದ್ದಂತೆ, ಚೆಂಡು ಹಿಡಿದು ಮುಂಬಯಿ ರೈಲು ಹತ್ತುವ ಅಗತ್ಯ ಗೋವಾದ ಹುಡುಗರಿಗೆ ಕಡಿಮೆಯಾಯಿತು. ತೊಂಬತ್ತರ ದಶಕದ ಉದಾರೀಕರಣ ಬ್ಯಾಂಕುಗಳ ಮತ್ತು ಸರ್ಕಾರಿ ಉದ್ದಿಮೆಗಳ ನೇಮಕಾತಿಯನ್ನೇ ಬಿಗಿಗೊಳಿಸಿತು. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳ 1 ಲಕ್ಷಕ್ಕೂ ಹೆಚ್ಚು ನೌಕರರು ಹೊರಬಂದರು. ಕ್ರೀಡೆಯ ಆಧಾರದ ಮೇಲೆ ಸೇರಿಸಿಕೊಂಡರೂ ಅದು ಎರಡು ಮೂರು ವರ್ಷಗಳ ಗುತ್ತಿಗೆಯಾಗತೊಡಗಿತು. ‘ಪರ್ಮನೆಂಟ್’ ಎಂಬ ಶಬ್ದ ಆಟದಿಂದ ಕಳಚಿಕೊಂಡಿತು. ಒಂದು ಶತಮಾನ ದಾಟಿದ್ದ ರೋವರ್ಸ್ ಕಪ್ಪೂ ಅದೇ ಹೊತ್ತಿಗೆ, 2000-01ರ ಆವೃತ್ತಿಯ ನಂತರ, ನಿಂತಿತು.

ಉಳಿದ ತಂಡಗಳಿಗೆ ಹೊಸ ಕಾಲದ ನಿಯಮಗಳು ಎದುರಾದವು. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, 2007ರಲ್ಲಿ ಅದು ಐ-ಲೀಗ್ ಆಯಿತು. ದೇಶದುದ್ದಕ್ಕೂ ಪ್ರಯಾಣ, ವಿದೇಶಿ ಆಟಗಾರರು, ಲಕ್ಷಗಳ ಕರಾರು. ಕ್ಲಬ್ ಎಂದರೆ ಸ್ವತಂತ್ರ ಸಂಸ್ಥೆಯಾಗಿರಬೇಕು, ಕಿರಿಯರ ತಂಡಗಳಿರಬೇಕು, ಮೈದಾನದ ಏರ್ಪಾಡಿರಬೇಕು ಎಂದು ಏಷ್ಯನ್ ಫುಟ್ಬಾಲ್ ಒಕ್ಕೂಟ ಹೇಳಿತು. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಏರ್ ಇಂಡಿಯಾದ ತಂಡ ಕ್ಲಬ್ ಅಲ್ಲ, ಅದೊಂದು ಇಲಾಖೆ. 2013ರಲ್ಲಿ ಪರವಾನಗಿಯ ನಿಯಮಗಳನ್ನು ಪೂರೈಸಲಿಲ್ಲವೆಂದು ಏರ್ ಇಂಡಿಯಾವನ್ನೂ ಮುಂಬಯಿಯಲ್ಲೇ ನೆಲೆಸಿದ್ದ ಒಎನ್‌ಜಿಸಿಯನ್ನೂ ಐ-ಲೀಗ್‌ನಿಂದ ಕೈಬಿಡಲಾಯಿತು. ಆ ಹೊತ್ತಿಗಾಗಲೇ ಕೂಪರೇಜ್ ದುರಸ್ತಿಯಲ್ಲಿದ್ದು, ಮುಂಬಯಿಯ ತಂಡಗಳು ತಮ್ಮ ‘ತವರಿನ’ ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡುತ್ತಿದ್ದವು.

ಕಂಪನಿ ತಂಡಗಳಿಗೆ ಬೇರೆ ದಾರಿ ಇರಲಿಲ್ಲವೇ? ಜಪಾನಿನಲ್ಲೂ ಫುಟ್ಬಾಲ್ ಕಂಪನಿಗಳದೇ ಆಗಿತ್ತು. ಮಿತ್ಸುಬಿಷಿ, ನಿಸ್ಸಾನ್, ಫುರುಕಾವಾ, ಮತ್ಸುಷಿತಾ ತಂಡಗಳು ಅಲ್ಲಿನ ಲೀಗ್ ಆಡುತ್ತಿದ್ದವು, ಆಟಗಾರರು ಆಯಾ ಕಂಪನಿಯ ನೌಕರರು. 1993ರಲ್ಲಿ ಜೆ-ಲೀಗ್ ಆರಂಭಿಸಿದವರು ಈ ತಂಡಗಳನ್ನು ಮುಚ್ಚಲಿಲ್ಲ. ಕಂಪನಿ ಹಣ ಹಾಕಲಿ, ತಂಡದ ಹೆಸರು ಮಾತ್ರ ಊರಿನದಾಗಿರಲಿ ಎಂದರು. ಮಿತ್ಸುಬಿಷಿಯ ತಂಡ ಉರಾವಾ ರೆಡ್ಸ್ ಆಯಿತು, ನಿಸ್ಸಾನ್‌ನದು ಯೊಕೊಹಾಮಾ ಮರಿನೋಸ್. ಊರಿನ ಹೆಸರು ಬಂದ ಮೇಲೆ ಊರಿನವರು ಬಂದರು. ನಾಳೆ ಕಂಪನಿ ಕೈಬಿಟ್ಟರೆ ಕೇಳುವವರು ಹುಟ್ಟಿಕೊಂಡರು.

ಮುಂಬಯಿಯಲ್ಲಿ ಆ ದಾಟುವಿಕೆ ನಡೆಯಲಿಲ್ಲ. ಕೂಪರೇಜ್ ತುಂಬುತ್ತಿದ್ದದ್ದು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮದನ್ ಸ್ಪೋರ್ಟಿಂಗ್ ಬಂದಾಗ. ಅವು ತಮ್ಮ ಜನರನ್ನು ಮೈದಾನಕ್ಕೆ ಎಳೆಯುತ್ತಿದ್ದವು. ಸ್ಥಳೀಯ ಆಫೀಸು ತಂಡದ ಪಂದ್ಯಕ್ಕೆ ಸಹೋದ್ಯೋಗಿಗಳು ಬರುತ್ತಿದ್ದರು, ಸಂಜೆ ಲೋಕಲ್ ಹಿಡಿದು ಮನೆಗೆ ಹೋಗುತ್ತಿದ್ದರು. ಮಾಹೀಮ್, ಬಾಂದ್ರಾ, ಕಲೀನಾದಂಥ ಕಡೆ ಫುಟ್ಬಾಲ್ ಜೀವಂತವಾಗಿತ್ತು, ಆದರೆ ಆ ಹೆಸರುಗಳು ದೊಡ್ಡ ತಂಡಗಳ ಅಂಗಿಯ ಮೇಲೆ ಬರಲಿಲ್ಲ.

ಬೆಂಗಳೂರಿನ ಕಥೆಯೂ ಬಹುಕಾಲ ಹೀಗೇ ಇತ್ತು. ಎಚ್‌ಎಎಲ್, ಐಟಿಐ ತಂಡಗಳಲ್ಲಿ ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಆಡಿದರು, ಕಾರ್ಖಾನೆಯ ಕೆಲಸ ಅವರ ಮನೆಗಳನ್ನು ನಡೆಸಿತು. 2011-12ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. 2013ರಲ್ಲಿ ಬಂದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದು, ತನ್ನದೇ ಅಭಿಮಾನಿ ಬಳಗವನ್ನು ಬೆಳೆಸಿತು. ಅದನ್ನು ಕಟ್ಟಿದ್ದು ಮುಂಬಯಿಯಲ್ಲಿ ಕೇಂದ್ರ ಕಚೇರಿ ಇರುವ ಜೆಎಸ್‌ಡಬ್ಲ್ಯು. ಹಣ ಕಂಪನಿಯದು, ಹೆಸರು ಊರಿನದು. ಮುಂಬಯಿಯ ಹಣ ಮಾಡಬಹುದಾಗಿದ್ದ ಕೆಲಸವನ್ನು ಬೆಂಗಳೂರಿನಲ್ಲಿ ಮಾಡಿ ತೋರಿಸಿತು.

ಹಾಗೆಂದು ಊರಿನ ಹೆಸರೊಂದಿದ್ದರೆ ಸಾಕೆಂದೂ ಹೇಳಲಾಗದು. ಎಸ್ಸೆಲ್ ಸಮೂಹ 2007ರಲ್ಲಿ ಮುಂಬಯಿ ಎಫ್‌ಸಿ ಆರಂಭಿಸಿತ್ತು. ಒಂಬತ್ತು ಸೀಸನ್ ಮೇಲಿನ ಲೀಗ್‌ನಲ್ಲೇ ಉಳಿದ ಆ ತಂಡ 2016-17ರಲ್ಲಿ ಕೆಳಗಿಳಿಯಿತು, ನಂತರ ಮುಚ್ಚಿತು. ಅದೇ ಸೀಸನ್ನಿನಲ್ಲಿ ಐ-ಲೀಗ್ ಗೆದ್ದದ್ದು ಮಿಜೋರಂನ ಐಜಾಲ್ ಎಫ್‌ಸಿ, ಕಡಿಮೆ ದುಡ್ಡಿನ, ಊರೇ ಬೆನ್ನಿಗೆ ನಿಂತ ತಂಡ. ಅದರ ಕೋಚ್ ಖಾಲಿದ್ ಜಮೀಲ್. ಆಟಗಾರನಾಗಿ ಅವರು ಮಹೀಂದ್ರ ಯುನೈಟೆಡ್, ಏರ್ ಇಂಡಿಯಾ, ಮುಂಬಯಿ ಎಫ್‌ಸಿ ಮೂರರಲ್ಲೂ ಇದ್ದವರು; ಮುಂಬಯಿ ಎಫ್‌ಸಿಯನ್ನು ಹಲವು ವರ್ಷ ಕೋಚ್ ಆಗಿ ಮುನ್ನಡೆಸಿದವರು. 2025ರ ಆಗಸ್ಟ್‌ನಲ್ಲಿ ಅವರು ಭಾರತ ತಂಡದ ಕೋಚ್ ಆದರು. ಅವರನ್ನು ರೂಪಿಸಿದ ಮೂರು ತಂಡಗಳಲ್ಲಿ ಒಂದೂ ಇಂದು ದೇಶದ ದೊಡ್ಡ ಲೀಗ್‌ಗಳಲ್ಲಿಲ್ಲ.

ಇಂದಿನ ಮುಂಬಯಿಯಲ್ಲಿ ಫುಟ್ಬಾಲ್ ನೋಡುವವರಿಗೆ ಕೊರತೆಯಿಲ್ಲ. 2014ರಲ್ಲಿ ಹುಟ್ಟಿದ ಮುಂಬಯಿ ಸಿಟಿ ಎಫ್‌ಸಿ 2020-21ರಲ್ಲಿ ಐಎಸ್‌ಎಲ್ ಗೆದ್ದಿತು. ತೀರಾ ಮೇಲಿನ ಆಟಗಾರನ ಗಳಿಕೆ ಕಾಲ್‌ಟೆಕ್ಸ್ ಕಾಲದವರು ಕನಸಿನಲ್ಲೂ ಎಣಿಸದಷ್ಟು. ಕೊರತೆ ಬಿದ್ದಿರುವುದು ನಡುವಿನವನಿಗೆ. ಚೆನ್ನಾಗಿ ಆಡುವ, ಆದರೆ ದೇಶಕ್ಕೆ ಆಡುವಷ್ಟಲ್ಲದ ಕಾಲೇಜು ಹುಡುಗನಿಗೆ ಹಿಂದೆ ನಗರದಲ್ಲಿ ಹತ್ತಾರು ಬಾಗಿಲುಗಳಿದ್ದವು. ಅವು ಅವನನ್ನು ಪ್ರಸಿದ್ಧನನ್ನಾಗಿ ಮಾಡಲಿಲ್ಲ; ಮದುವೆಯಾಗಿ, ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಒಂದು ಕೋಣೆಯ ಮನೆ ಮಾಡಿ, ಭಾನುವಾರ ಮಕ್ಕಳಿಗೆ ಚೆಂಡು ಒದೆಯಲು ಕಲಿಸುವಷ್ಟು ನೆಮ್ಮದಿ ಕೊಟ್ಟವು. ಈಗ ಅವನಿಗೆ ಉಳಿದಿರುವುದು ಒಂದು ಪ್ರಮಾಣಪತ್ರ, ಕೆಲವು ಕೃಪಾಂಕಗಳು. ಇಪ್ಪತ್ತೊಂದಕ್ಕೆ ಪದವಿ ಮುಗಿಯುತ್ತದೆ, ಬೂಟು ಅಟ್ಟ ಸೇರುತ್ತದೆ.