ಆಫರ್‌ನಲ್ಲಿ ಕೊಂಡದ್ದೆಲ್ಲ ಉಳಿತಾಯವೇ? ಯಾವ ಖರೀದಿಗೆ ರಿಯಾಯಿತಿ ಲಾಭ, ಯಾವುದಕ್ಕೆ ನಷ್ಟ?

‘ಇವತ್ತೊಂದೇ ದಿನ! ಶೇ. 70 ರಿಯಾಯಿತಿ! ಎಲ್ಲ ಗ್ರೂಪ್‌ಗಳಿಗೂ ಕಳಿಸಿ’. ಹಬ್ಬ ಹತ್ತಿರ ಬಂತೆಂದರೆ ಇಂಥ ಸಂದೇಶಗಳು ನಮ್ಮೆಲ್ಲರ ಮೊಬೈಲ್‌ಗೂ ಬರುತ್ತವೆ. ಆಫರ್ ಇದ್ದಾಗ ಕೊಂಡರೆ ದುಡ್ಡು ಉಳಿಯುತ್ತದೆ ಎಂದು ಕೆಲವರು ನಂಬುತ್ತಾರೆ. ಆಫರ್ ಎಂದರೆಲ್ಲ ಮೋಸ, ಹಳೇ ಸರಕು ಎನ್ನುವವರೂ ಇದ್ದಾರೆ. ಇವೆರಡೂ ಅರ್ಧ ಸತ್ಯ.

ಸಂಕ್ಷಿಪ್ತವಾಗಿ: ಹೇಗಿದ್ದರೂ ಕೊಳ್ಳಬೇಕಿದ್ದ, ಕೆಡದ, ಬೇರೆ ಅಂಗಡಿಯ ಬೆಲೆಯೊಂದಿಗೆ ಹೋಲಿಸಬಹುದಾದ ವಸ್ತುವಿಗೆ ರಿಯಾಯಿತಿ ನಿಜವಾದ ಲಾಭ. ಬೇಗ ಕೆಡುವ, ಸಾಲ ಮಾಡಿ ಕೊಳ್ಳುವ ಅಥವಾ ಆಫರ್ ನೋಡಿದ ಮೇಲಷ್ಟೇ ‘ಬೇಕು’ ಅನ್ನಿಸಿದ ವಸ್ತುವಿಗೆ ಅದು ಹೆಚ್ಚಾಗಿ ಖರ್ಚೇ.

ಅಂಗಡಿಯವರು ರಿಯಾಯಿತಿ ಏಕೆ ಕೊಡುತ್ತಾರೆ?

ನಮ್ಮ ಆಷಾಢ ಸೇಲ್ ಒಳ್ಳೆಯ ಉದಾಹರಣೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಮಾಡುವುದಿಲ್ಲ ಎಂಬ ರೂಢಿ ಇರುವುದರಿಂದ ಬಟ್ಟೆ ಅಂಗಡಿಗಳಲ್ಲಿ ವ್ಯಾಪಾರ ಕಡಿಮೆ. ಬಾಡಿಗೆ, ಸಂಬಳ ಮಾತ್ರ ನಿಲ್ಲುವುದಿಲ್ಲ. ಶ್ರಾವಣಕ್ಕೆ ಹೊಸ ಸರಕು ತರಲು ಜಾಗವೂ ಹಣವೂ ಬೇಕು. ಹಾಗಾಗಿ ಲಾಭ ಕಡಿಮೆ ಮಾಡಿಕೊಂಡಾದರೂ ಇದ್ದ ಸೀರೆಗಳನ್ನು ಮಾರುತ್ತಾರೆ. ಶ್ರಾವಣದ ಮದುವೆಗೆ ಸೀರೆ ಬೇಕಿದ್ದವರಿಗೆ ಇದು ನಿಜವಾದ ಲಾಭ.

ಎಲ್ಲ ರಿಯಾಯಿತಿಗೂ ಇಂಥ ಕಾರಣ ಇರುವುದಿಲ್ಲ. ಬಹುತೇಕ ವಸ್ತುಗಳ ಎಂಆರ್‌ಪಿಯನ್ನು ಸರ್ಕಾರ ನಿಗದಿ ಮಾಡುವುದಿಲ್ಲ, ತಯಾರಕರೇ ಮುದ್ರಿಸುತ್ತಾರೆ. ಅದಕ್ಕಿಂತ ಹೆಚ್ಚಿಗೆ ಮಾರುವುದು ತಪ್ಪು, ಕಡಿಮೆಗೆ ಮಾರುವುದು ತಪ್ಪಲ್ಲ. ಮೊದಲೇ ಎಂಆರ್‌ಪಿ ಜಾಸ್ತಿ ಇಟ್ಟು, ವರ್ಷವಿಡೀ ‘ಶೇ. 40 ಕಡಿತ’ ಎಂದು ಬರೆದರೆ, ಆ ಕಡಿತದ ಬೆಲೆಯೇ ಅದರ ಮಾಮೂಲು ಬೆಲೆ.

ನಮ್ಮ ಮನಸ್ಸು ಎಲ್ಲಿ ಎಡವುತ್ತದೆ?

ಮೊದಲು ಕಣ್ಣಿಗೆ ಬಿದ್ದ ಸಂಖ್ಯೆ ನಮ್ಮ ಅಂದಾಜನ್ನು ತನ್ನತ್ತ ಎಳೆಯುತ್ತದೆ. ಮನೋವಿಜ್ಞಾನಿಗಳಾದ ಏಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1974ರಲ್ಲಿ ಇದನ್ನು ತೋರಿಸಿದರು. ಜನರ ಮುಂದೆ ಒಂದು ಚಕ್ರ ತಿರುಗಿಸಿ, ಅದು 10 ಅಥವಾ 65ಕ್ಕೆ ನಿಲ್ಲುವಂತೆ ಮಾಡಲಾಗಿತ್ತು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಶೇ. ಎಷ್ಟು ದೇಶಗಳು ಆಫ್ರಿಕಾದವು ಎಂದು ಕೇಳಿದರು. 10 ಕಂಡವರ ಮಧ್ಯಮ ಅಂದಾಜು 25, 65 ಕಂಡವರದ್ದು 45. ಚಕ್ರಕ್ಕೂ ಆಫ್ರಿಕಾಕ್ಕೂ ಸಂಬಂಧವೇ ಇರಲಿಲ್ಲ! ಗೆರೆ ಎಳೆದು ಹೊಡೆದುಹಾಕಿದ ₹2,999ರ ಪಕ್ಕದಲ್ಲಿ ₹999 ಅಗ್ಗವಾಗಿ ಕಾಣುವುದೂ ಹೀಗೆಯೇ.

‘ಉಚಿತ’ ಎಂಬ ಪದಕ್ಕೆ ಇನ್ನೂ ಹೆಚ್ಚಿನ ಶಕ್ತಿ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಒಳ್ಳೆಯ ಚಾಕೊಲೇಟ್ 15 ಸೆಂಟ್, ಸಾಧಾರಣ ಚಾಕೊಲೇಟ್ 1 ಸೆಂಟ್ ಇದ್ದಾಗ ಕೊಂಡವರಲ್ಲಿ ಶೇ. 73 ಮಂದಿ ಒಳ್ಳೆಯದನ್ನೇ ಆರಿಸಿದರು. ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿ ಸಾಧಾರಣದ್ದನ್ನು ಉಚಿತ ಮಾಡಿದಾಗ, ಶೇ. 69 ಮಂದಿ ಉಚಿತದ ಕಡೆಗೆ ಹೋದರು. ಬೆಲೆಯ ಅಂತರ ಮಾತ್ರ ಮೊದಲಿನಷ್ಟೇ ಇತ್ತು.

ಲೆಕ್ಕ ಹಾಕಿದರೆ ಎಷ್ಟು?

* ‘ಶೇ. 50 + ಶೇ. 20’ ಎಂದರೆ ಶೇ. 70 ಅಲ್ಲ. ₹1,000ದ ಅಂಗಿ ಮೊದಲು ₹500 ಆಗುತ್ತದೆ; ಶೇ. 20 ಕಡಿತ ಆ ₹500ರ ಮೇಲೆ. ಕೊನೆಗೆ ₹400, ಅಂದರೆ ಒಟ್ಟು ಶೇ. 60.
* ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಸುಮಾರು ಶೇ. 33 ರಿಯಾಯಿತಿ, ಅದೂ ಮೂರೂ ನಿಮಗೆ ಬೇಕಿದ್ದರೆ ಮಾತ್ರ.
* ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗವಲ್ಲ. 1 ಕೆ.ಜಿ. ಸೋಪಿನ ಪುಡಿ ₹120, ‘ಆಫರ್’ನ 3 ಕೆ.ಜಿ. ಪ್ಯಾಕ್ ₹390 ಇದ್ದರೆ, ದೊಡ್ಡದರಲ್ಲೇ ಕೆ.ಜಿ.ಗೆ ₹10 ಹೆಚ್ಚು. ಈಗ ಬಹಳಷ್ಟು ಪೊಟ್ಟಣಗಳ ಮೇಲೆ ಗ್ರಾಂ ಅಥವಾ ಕೆ.ಜಿ. ಲೆಕ್ಕದ ಬೆಲೆಯನ್ನೂ ಮುದ್ರಿಸಿರುತ್ತಾರೆ. ಅದನ್ನು ನೋಡಿ.

ಯಾವ ಖರೀದಿಗೆ ರಿಯಾಯಿತಿ ಒಪ್ಪುತ್ತದೆ?

ಮೈಸೋಪು, ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಸೋಪು, ಮಕ್ಕಳ ನೋಟ್‌ಬುಕ್‌ನಂಥವು ಬೇಗ ಕೆಡುವುದಿಲ್ಲ, ಹೇಗಿದ್ದರೂ ಖರ್ಚಾಗುತ್ತವೆ. ಹೊಸ ಫ್ರಿಜ್, ವಾಷಿಂಗ್ ಮೆಷಿನ್ ಕೊಳ್ಳಬೇಕೆಂದು ಮೊದಲೇ ತೀರ್ಮಾನಿಸಿ, ಮಾಡೆಲ್ ನಂಬರ್ ಹಿಡಿದು ಎರಡು ಮೂರು ಕಡೆ ವಿಚಾರಿಸಿದವರಿಗೂ ಹಬ್ಬದ ಆಫರ್ ಉಪಯೋಗಕ್ಕೆ ಬರುತ್ತದೆ.

ಯಾವುದಕ್ಕೆ ಒಪ್ಪುವುದಿಲ್ಲ?

*ಬೇಗ ಕೆಡುವ ಆಹಾರ:* ಉಚಿತವಾಗಿ ಬಂದ ಎರಡನೇ ಬ್ರೆಡ್ಡು ಬೂಸ್ಟು ಹಿಡಿದರೆ ಉಳಿತಾಯ ಸೊನ್ನೆ. ಗಾಳಿ, ಬೆಳಕು, ಬಿಸಿಗೆ ಅಡುಗೆ ಎಣ್ಣೆಯೂ ಕಮಟು ಹಿಡಿಯುತ್ತದೆ. ಇಬ್ಬರೇ ಇರುವ ಮನೆಗೆ ದೊಡ್ಡ ಕ್ಯಾನ್ ಬೇಕಿಲ್ಲ.

*ಔಷಧ:* ಆಫರ್ ಇದೆ ಎಂದು ಆ್ಯಂಟಿಬಯಾಟಿಕ್ ತಂದಿಟ್ಟುಕೊಂಡು, ಜ್ವರ ಬಂದಾಗ ನೀವೇ ನುಂಗುವುದು ಅಪಾಯಕಾರಿ. ಸಾಮಾನ್ಯವಾಗಿ ಕಣ್ಣಿನ ಡ್ರಾಪ್ಸ್ ತೆರೆದ ನಾಲ್ಕು ವಾರಗಳ ನಂತರ ಬಳಸಬಾರದು. ಬಿಪಿ, ಶುಗರ್ ಮಾತ್ರೆಗೆ ರಿಯಾಯಿತಿ ಸಿಕ್ಕರೆ ಒಳ್ಳೆಯದೇ. ಆದರೆ ವೈದ್ಯರು ಡೋಸ್ ಬದಲಿಸಬಹುದು, ಆರು ತಿಂಗಳಿಗಾಗುವಷ್ಟು ಕೊಳ್ಳಬೇಡಿ. ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಯಾವ ಆಫರ್ ಇಲ್ಲದೆಯೇ ಬಹಳ ಕಡಿಮೆ ಬೆಲೆಗೆ ಸಿಗಬಹುದು, ವಿಚಾರಿಸಿ.

*ಚಿನ್ನ:* ‘ಮೇಕಿಂಗ್ ಚಾರ್ಜ್ ಮೇಲೆ ಶೇ. 50 ಕಡಿತ’ ಎಂಬುದು ಒಡವೆಯ ಬೆಲೆಯಲ್ಲಿ ಅರ್ಧ ಕಡಿತವಲ್ಲ. ₹1 ಲಕ್ಷದ ಚಿನ್ನಕ್ಕೆ ಮಜೂರಿ ಶೇ. 14 ಇದ್ದರೆ, ಉಳಿಯುವುದು ₹7,000, ಅಂದರೆ ತೆರಿಗೆ ಬಿಟ್ಟು ಒಟ್ಟು ಬೆಲೆಯ ಸುಮಾರು ಶೇ. 6. ಪಕ್ಕದ ಅಂಗಡಿಯಲ್ಲಿ ಆಫರ್ ಇಲ್ಲದೆಯೇ ಮಜೂರಿ ಶೇ. 7 ಇದ್ದರೆ ಎರಡೂ ಒಂದೇ. ಹಾಗಾಗಿ ಬೋರ್ಡ್ ನೋಡದೆ, ವೇಸ್ಟೇಜ್ ಸೇರಿದ ಪೂರ್ತಿ ಬಿಲ್ ಹೋಲಿಸಿ.

*ಬಡ್ಡಿಯಿಲ್ಲದ ಇಎಂಐ:* ಇಲ್ಲಿ ಬಡ್ಡಿ ಇದ್ದೇ ಇರುತ್ತದೆ. ಅಷ್ಟು ಮೊತ್ತವನ್ನು ರಿಯಾಯಿತಿಯಾಗಿ ತೋರಿಸುವುದೇ ಹೆಚ್ಚು. ನೇರವಾಗಿ ಹಣ ಕೊಟ್ಟಿದ್ದರೆ ಸಿಗಬಹುದಾಗಿದ್ದ ಕಡಿತ ಕೈತಪ್ಪಬಹುದು. ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ.

ಕೊಳ್ಳುವ ಮುನ್ನ ಏನು ಕೇಳಿಕೊಳ್ಳಬೇಕು?

1. ಆಫರ್ ಇಲ್ಲದಿದ್ದರೂ ಈ ತಿಂಗಳು ಇದನ್ನು ಕೊಳ್ಳುತ್ತಿದ್ದೆನೇ?
2. ಕೆಡುವ ಮುಂಚೆ ಪೂರ್ತಿ ಬಳಸುತ್ತೇನೆಯೇ?
3. ಬೇರೆ ಕಡೆ ಇದರ ಬೆಲೆ ಎಷ್ಟು?
4. ಇದಕ್ಕಾಗಿ ಸಾಲ ಮಾಡಬೇಕೇ?

‘ಇನ್ನು ಹತ್ತೇ ನಿಮಿಷ’ ಎಂದು ಅವಸರಪಡಿಸಿದರೆ ಒಂದು ದಿನ ಬಿಟ್ಟು ನೋಡಿ. ಸುಳ್ಳು ಅವಸರ ಸೃಷ್ಟಿಸುವುದನ್ನು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಇಂಥ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

ಹೆಸರಾಂತ ಕಂಪನಿಯ ಲೋಗೊ ಹಾಕಿ, ‘ಲಿಂಕ್ ಒತ್ತಿ, ಹತ್ತು ಜನರಿಗೆ ಕಳಿಸಿ, ಉಚಿತ ಫೋನ್ ಪಡೆಯಿರಿ’ ಎನ್ನುವ ಸಂದೇಶ ಆಫರ್ ಅಲ್ಲ, ಬಲೆ. ಒಟಿಪಿ, ಬ್ಯಾಂಕ್ ವಿವರ, ಯುಪಿಐ ಪಿನ್ ಕೊಡಬೇಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ನಿಮ್ಮ ಹೆಸರಿನಿಂದ ಬಂದ ಸಂದೇಶವನ್ನು ಮನೆಯ ಹಿರಿಯರು ನಿಮ್ಮನ್ನು ನಂಬಿಯೇ ಒತ್ತುತ್ತಾರೆ ಎಂಬುದು ನೆನಪಿರಲಿ.

ನಮ್ಮ ತೀರ್ಮಾನ: ‘ಆಫರ್‌ನಲ್ಲಿ ಕೊಂಡದ್ದೆಲ್ಲ ಉಳಿತಾಯ’ ಎಂಬುದು ಅರ್ಧ ಸತ್ಯ. ₹1,000ದ ವಸ್ತುವನ್ನು ₹600ಕ್ಕೆ ಕೊಂಡಾಗ ಅದು ಬೇಕಿದ್ದರೆ ₹400 ಉಳಿಯಿತು. ಬೇಡವಾಗಿದ್ದರೆ ₹600 ಹೋಯಿತು.